ಬೆಣ್ಣಿಹಳ್ಳವೋ, ಬೆಣ್ಣೆಹಳ್ಳವೋ: ಒಂದೇ ಪುಟದಲ್ಲಿ ಕೂತು ಬರೆಯುವ ಪಾಠ

ಮಿನಿ ಪ್ರಾಜೆಕ್ಟ್ ರಿಪೋರ್ಟ್ ಹೆಂಗ ತಯಾರಾಗತೈತಿ ಅನ್ನೋದು ನಮಗೆಲ್ಲ ಗೊತ್ತಿರುವ ಗುಟ್ಟು. ನಾಲ್ಕು ಮಂದಿಯ ತಂಡ, ಒಂದು ಗೂಗಲ್ ಡಾಕ್ಸ್ ಲಿಂಕ್. ಮೊದಲ ದಿನ ನಾಲ್ಕೂ ಜನ ತೆರೆದು ನೋಡುತ್ತೇವೆ. ಒಬ್ಬರು ಶೀರ್ಷಿಕೆ ಹಾಕುತ್ತಾರೆ, ಇನ್ನೊಬ್ಬರು ಅಕ್ಷರದ ಗಾತ್ರ ಬದಲಿಸುತ್ತಾರೆ. ಆಮೇಲೆ ಮೂರು ವಾರ ಯಾರ ಸದ್ದೂ ಇಲ್ಲ. ಕೊನೆಯ ರಾತ್ರಿ ಯಾರೋ ಒಬ್ಬ ಪಾಪದವ ಕೂತು ಪೂರ್ತಿ ಬರೆಯುತ್ತಾನೆ. ಬೆಳಗ್ಗೆ ನಾಲ್ಕು ಹೆಸರು, ನಾಲ್ಕು ಸಹಿ. ಲಿಂಕ್ ಹಂಚಿಕೊಂಡದ್ದಷ್ಟೇ, ಬರವಣಿಗೆ ಹಂಚಿಕೊಂಡಿಲ್ಲ.

ಇಂಥ ನಾವು ಹಳ್ಳಿ ಶಾಲೆಯ ಮಕ್ಕಳಿಗೆ 'ಕೂಡಿ ಬರೆಯೋದು ಹೇಗೆ' ಅಂತ ಕಲಿಸಲು ಹೋದೆವು ಅಂದ್ರೆ ನಗಬೇಡಿ. ಕನ್ನಡ ಸಂಘದಿಂದ ನಾವು ಮೂವರು ನಾಲ್ಕು ಶನಿವಾರ ನವಲಗುಂದ ತಾಲೂಕಿನ ಒಂದು ಪ್ರೌಢಶಾಲೆಗೆ ಹೋಗಿ ಬಂದೆವು. ಒಂಬತ್ತನೇ ತರಗತಿ, ಮೂವತ್ತೊಂದು ಮಕ್ಕಳು, ಚಾಲೂ ಇರುವ ಕಂಪ್ಯೂಟರ್ ಆರು. 'ನಮ್ಮ ಸೀಮೆ' ಅಂತ ಒಂದೇ ಪುಟ ಬರೆಯುವುದು ಕೆಲಸ. ಅಲ್ಲಿ ನಾವು ಏನು ಕಲಿಸಿದೆವು ಅನ್ನೋದಕ್ಕಿಂತ ಎಲ್ಲಿ ಎಡವಿದೆವು ಅನ್ನೋದು ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. ಮುಂದೆ ನೀವೂ ಹೋಗುವವರೇ.

ಸಾಧನದ ಆಯ್ಕೆ

ಗೂಗಲ್ ಡಾಕ್ಸ್ ನಮಗೆ ಅಭ್ಯಾಸ. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ಬರೆದವರ ಹೆಸರು ಕಾಣಬೇಕೆಂದರೆ ಪ್ರತಿಯೊಬ್ಬರಿಗೂ ಖಾತೆ ಬೇಕು. ಶಾಲೆಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಈಥರ್‌ಪ್ಯಾಡ್ ಹಿಡಿದೆವು. 2008ರಲ್ಲಿ ಬಂದ ಸಾಧನ ಅದು. ಮುಂದಿನ ವರ್ಷ ಡಿಸೆಂಬರಿನಲ್ಲಿ ಗೂಗಲ್ ಅದನ್ನು ಮಾಡಿದ ಕಂಪನಿಯನ್ನು ಕೊಂಡಿತು, ಆದರೆ ಕೋಡ್ ಮುಕ್ತವಾಗಿ ಬಿಡುಗಡೆಯಾಯಿತು. ಹಾಗಾಗಿ ಇವತ್ತು ನಮ್ಮ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. ನೋಡ್ ಜೆಎಸ್ ಗೊತ್ತಿದ್ದವರಿಗೆ ಅರ್ಧ ಗಂಟೆಯ ಕೆಲಸ. ಒಂದು ಲ್ಯಾಪ್‌ಟಾಪ್, ಒಂದು ಹಳೆಯ ವೈಫೈ ರೂಟರ್. ಇಂಟರ್ನೆಟ್ ಬೇಡವೇ ಬೇಡ. ಶಾಲೆಯ ಕಂಪ್ಯೂಟರ್‌ಗಳೂ, ಅಕ್ಕೋರ ಮೊಬೈಲೂ ಆ ರೂಟರ್‌ಗೆ ಸೇರಿ, ಬ್ರೌಸರ್‌ನಲ್ಲಿ ಲ್ಯಾಪ್‌ಟಾಪಿನ ವಿಳಾಸವನ್ನೂ 9001 ಎಂಬ ಪೋರ್ಟ್ ಸಂಖ್ಯೆಯನ್ನೂ ಹಾಕಿದರೆ ಎಲ್ಲರ ಮುಂದೂ ಒಂದೇ ಪುಟ ತೆರೆದುಕೊಳ್ಳುತ್ತದೆ. ಖಾತೆ ಬೇಡ, ಹೆಸರಿನ ಜಾಗದಲ್ಲಿ ಗುಂಪಿನ ಹೆಸರು ಸಾಕು. ನಮ್ಮ ಗುಂಪುಗಳು ಜೋಳ, ಹೆಸರು, ಕಡಲಿ, ಹತ್ತಿ, ಗೋದಿ, ಮೆಣಸಿನಕಾಯಿ. ಮಕ್ಕಳ ಪೂರ್ತಿ ಹೆಸರು ಎಲ್ಲೂ ಹಾಕಿಸಬೇಡಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಲೆಕ್ಕದಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ.

ಈಥರ್‌ಪ್ಯಾಡಿನಲ್ಲಿ ಎರಡು ಸೌಕರ್ಯ ಪಾಠಕ್ಕೆ ಹೇಳಿ ಮಾಡಿಸಿದಂತಿವೆ. ಒಂದು, ಬರೆದವರ ಬಣ್ಣ. ಪ್ರತಿಯೊಬ್ಬರ ಅಕ್ಷರಗಳ ಹಿಂದೆ ಅವರದೇ ಬಣ್ಣ ಇರುತ್ತದೆ. ಇನ್ನೊಂದು ಟೈಮ್‌ಸ್ಲೈಡರ್. ಪುಟ ಖಾಲಿ ಇದ್ದ ಕ್ಷಣದಿಂದ ಈಗಿನವರೆಗೆ ಒಂದೊಂದು ಅಕ್ಷರ ಬಂದದ್ದು, ಹೋದದ್ದು, ಎಲ್ಲವನ್ನೂ ಸಿನಿಮಾದಂತೆ ಮತ್ತೆ ಓಡಿಸಿ ನೋಡಬಹುದು. ಈ ಎರಡನೆಯದು ನಮ್ಮ ಮಾನ ಕಳೆಯಿತು. ಅದನ್ನು ಆಮೇಲೆ ಹೇಳುತ್ತೇವೆ.

ಯಂತ್ರ ಏನು ಮಾಡುತ್ತದೆ

ಮೊದಲು ಸ್ವಲ್ಪ ತಾಂತ್ರಿಕ ಮಾತು. ಒಂದೇ ಸಾಲನ್ನು ಇಬ್ಬರು ಒಂದೇ ಕ್ಷಣಕ್ಕೆ ತಿದ್ದಿದರೆ ಏನಾಗಬೇಕು? ಪುಟದಲ್ಲಿ 'ಹಳ್ಳ ಬಂತು' ಅಂತ ಇದೆ ಅನ್ನಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಒಂದು ಖಾಲಿ ಜಾಗ. ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ. ಹ, ಳ, ಹಲಂತ, ಇನ್ನೊಂದು ಳ, ಖಾಲಿ ಜಾಗ, ಬ, ಅನುಸ್ವಾರ, ತ, ಉಕಾರದ ಕೊಂಬು. ಸೊನ್ನೆಯಿಂದ ಎಣಿಸಿದರೆ 'ಬಂತು' ಶುರುವಾಗುವುದು 5ನೇ ಸ್ಥಾನದಲ್ಲಿ.

ಈಗ ಜೋಳದ ಗುಂಪು ಸಾಲಿನ ಮೊದಲಿಗೆ, ಅಂದರೆ 0ನೇ ಸ್ಥಾನದಲ್ಲಿ, 'ಬೆಣ್ಣಿ' ಅಂತ ಸೇರಿಸುತ್ತದೆ. ಅದು ಆರು ಸಂಕೇತ. ಅದೇ ಹೊತ್ತಿಗೆ ಕಡಲಿ ಗುಂಪು 5ನೇ ಸ್ಥಾನದಲ್ಲಿ 'ತುಂಬಿ' ಅಂತಲೂ ಒಂದು ಖಾಲಿ ಜಾಗವನ್ನೂ ಸೇರಿಸುತ್ತದೆ. ಜೋಳದವರ ಪರದೆಯಲ್ಲಿ ಸಾಲು ಆಗಲೇ 'ಬೆಣ್ಣಿಹಳ್ಳ ಬಂತು' ಆಗಿದೆ. ಅಲ್ಲಿಗೆ ಕಡಲಿಯವರ '5ನೇ ಸ್ಥಾನ' ಎಂಬ ಆದೇಶ ಹಾಗೇ ಬಂದು ಬಿದ್ದರೆ ಅದು ಣ್ಣ ಮತ್ತು ಅದರ ಗುಡಿಸಿನ ನಡುವೆ ಹೋಗಿ ಕೂರುತ್ತದೆ. ಗುಡಿಸು ತನ್ನ ಅಕ್ಷರ ಬಿಟ್ಟು ಅನಾಥವಾಗಿ, ಚುಕ್ಕೆಗಳ ವೃತ್ತಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹೀಗಾದರೆ ಒಂದು ಪದ ಕೆಟ್ಟೀತು. ಕನ್ನಡದಲ್ಲಿ ಅಕ್ಷರವೇ ಒಡೆಯುತ್ತದೆ.

ಪರಿಹಾರ ಕೇಳಿದರೆ ಸರಳ. ತನಗಿಂತ ಮುಂಚೆ, ತನ್ನ ಎಡಕ್ಕೆ ಆರು ಸಂಕೇತ ಸೇರಿವೆ ಎಂದು ತಿಳಿದು, ಕಡಲಿಯವರ ಆದೇಶವನ್ನು 5ರಿಂದ 11ಕ್ಕೆ ಬದಲಿಸಿ ನಡೆಸಬೇಕು. ಆಗ ಎಲ್ಲರ ಪರದೆಯಲ್ಲೂ 'ಬೆಣ್ಣಿಹಳ್ಳ ತುಂಬಿ ಬಂತು'. ಆದೇಶವನ್ನು ಹೀಗೆ ಪರಿಸ್ಥಿತಿಗೆ ತಕ್ಕಂತೆ ರೂಪಾಂತರಿಸುವ ವಿಧಾನಕ್ಕೆ ಆಪರೇಷನಲ್ ಟ್ರಾನ್ಸ್‌ಫರ್ಮೇಶನ್ ಅನ್ನುತ್ತಾರೆ. 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಎಂಬಿಬ್ಬರು ಇದನ್ನು ಮುಂದಿಟ್ಟರು. ಈಥರ್‌ಪ್ಯಾಡ್, ಗೂಗಲ್ ಡಾಕ್ಸ್ ಎರಡೂ ಇದೇ ದಾರಿಯವು. ಪ್ರತಿ ಅಕ್ಷರಕ್ಕೂ ಸ್ಥಾನದ ಬದಲು ಬದಲಾಗದ ಗುರುತು ಕೊಡುವ ಇನ್ನೊಂದು ದಾರಿಯೂ ಇದೆ. ಅದು ಸಿಆರ್‌ಡಿಟಿ, ಆ ಹೆಸರಿನ ವ್ಯವಸ್ಥಿತ ನಿರೂಪಣೆ 2011ರದು. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಓದುತ್ತಿರುವವರು ಪೇಪರಿನಲ್ಲಿ ಈ ಹಳ್ಳದ ಉದಾಹರಣೆ ಬರೆದರೆ ನಮ್ಮ ಅಭ್ಯಂತರವಿಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿಯಿರಿ. ಈ ತಂತ್ರಗಳು ಕೊಡುವ ಭರವಸೆ ಒಂದೇ. ಕೊನೆಗೆ ಎಲ್ಲರ ಪರದೆಯೂ ಒಂದೇ ಆಗಿರುತ್ತದೆ. ಆ ಒಂದೇ ಆದದ್ದು ಸರಿಯೋ ತಪ್ಪೋ, ಎಲ್ಲರಿಗೂ ಒಪ್ಪಿಗೆಯೋ ಅಲ್ಲವೋ, ಅದು ಯಂತ್ರದ ಉಸಾಬರಿ ಅಲ್ಲ.

ಬೆಣ್ಣಿಯ ಜಗಳ

ಇದು ನಮಗೆ ತಿಳಿದದ್ದು ಎರಡನೇ ಶನಿವಾರ. ಹಳ್ಳದ ಬಗ್ಗೆ ಬರೆಯುತ್ತಿದ್ದರು. ಶಿಗ್ಗಾವಿ ತಾಲೂಕಿನ ದುಂಡಶಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆ ಹಾದು ಮಲಪ್ರಭೆ ಸೇರುವ ಹಳ್ಳ. ಬೇಸಿಗೆಯಲ್ಲಿ ಇದ್ದೂ ಇಲ್ಲದಂತೆ, ಮಳೆಗಾಲದಲ್ಲಿ ಹೊಲ ಊರು ಎರಡನ್ನೂ ಕೇಳದೆ ಒಳಗೆ ಬರುವಂಥದ್ದು. 2019ರ ಆಗಸ್ಟ್ ಈ ಮಕ್ಕಳಿಗೆ ಪಾಠವಲ್ಲ, ಕಣ್ಣಾರೆ ಕಂಡದ್ದು. ಹೀಗಾಗಿ ಬರವಣಿಗೆ ಜೋರಾಗಿಯೇ ನಡೆದಿತ್ತು.

ಜೋಳದವರು 'ಬೆಣ್ಣಿಹಳ್ಳ' ಅಂತ ಬರೆದರು. ಹತ್ತಿಯವರು ಅದನ್ನು 'ಬೆಣ್ಣೆಹಳ್ಳ' ಮಾಡಿದರು. ಜೋಳದವರು ಮತ್ತೆ 'ಬೆಣ್ಣಿ'. ಇವರು ಮತ್ತೆ 'ಬೆಣ್ಣೆ'. ಟೈಮ್‌ಸ್ಲೈಡರ್ ಓಡಿಸಿದರೆ ಹದಿನಾಲ್ಕು ಸಲ ಗುಡಿಸು ಹೋಗಿ ಎತ್ವ ಬಂದಿದೆ, ಎತ್ವ ಹೋಗಿ ಗುಡಿಸು ಬಂದಿದೆ. ಪ್ರತಿ ಸಲವೂ ಆರೂ ಪರದೆ ಒಂದೇ ಥರ. ಕಡೆಗೆ ಯಾರು ಒತ್ತಿದರೋ ಅವರದು. ಯಂತ್ರದ ಪಾಲಿಗೆ ಇಲ್ಲಿ ಸಮಸ್ಯೆಯೇ ಇಲ್ಲ!

ನಮ್ಮಲ್ಲೊಬ್ಬರು ಪಂಡಿತರಾಗಲು ಹೋಗಿ, "ಗ್ರಂಥದಾಗ ಬೆಣ್ಣೆ ಅಂತನ ಇರತೈತಿ" ಅಂದರು. ಜೋಳದ ಗುಂಪಿನ ಹುಡುಗ ಎದ್ದು ನಿಂತ. "ಅಣ್ಣಾರ, ಹಳ್ಳ ನಮ್ಮ ಹೊಲದ ಬದುವಿಗೆ ಐತ್ರಿ. ನಾವು ಬೆಣ್ಣಿಹಳ್ಳ ಅಂತೀವಿ. ಅದರ ಹೆಸರು ಅದಲ್ಲಂದ್ರ ಮತ್ತ ಯಾರದು?" ಹತ್ತಿ ಗುಂಪಿನ ಹುಡುಗಿಯೂ ಬಿಡಲಿಲ್ಲ. "ನಕಾಶೆದಾಗ, ಪೇಪರಿನಾಗ ಬೆಣ್ಣೆಹಳ್ಳ ಅಂತ ಐತಿ. ಹೊರಗಿನ್ಯಾರಾದ್ರೂ ಹುಡುಕಿದ್ರ ನಿಂದು ಸಿಗೂದಿಲ್ಲ." ಎರಡೂ ಸರಿಯಾದ ಮಾತು. ಅಕ್ಕೋರು ಕಂಪ್ಯೂಟರ್ ಪರದೆ ಆರಿಸಿ, ಹದಿನೈದು ನಿಮಿಷ ಬಾಯಿಂದ ಮಾತಾಡಿಸಿದರು. ತೀರ್ಮಾನ ಹೀಗಾಯ್ತು. ಶೀರ್ಷಿಕೆ ಬೆಣ್ಣಿಹಳ್ಳ, ಮೊದಲ ಸಾಲಿನಲ್ಲೇ 'ಬೆಣ್ಣೆಹಳ್ಳ ಎಂದೂ ಬರೆಯುತ್ತಾರೆ'.

ವಿಕಿಯಲ್ಲಿ ಈ ಹದಿನೈದು ನಿಮಿಷಕ್ಕೆ ಒಂದು ಜಾಗವೇ ಇದೆ, ಚರ್ಚೆ ಪುಟ ಅಂತ. ಪ್ರತಿ ಲೇಖನದ ಬೆನ್ನಿಗೆ ಒಂದೊಂದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಲೇಖನ ಓದುವವರಲ್ಲಿ ಚರ್ಚೆ ಪುಟ ತೆರೆಯುವವರು ಎಷ್ಟು ಮಂದಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ತರಗತಿಯಲ್ಲಿ ಕೂಡಿ ಬರೆಸುವಾಗ ಅಂಥದೊಂದು ಜಾಗ ಬೇಕೇ ಬೇಕು. ಪುಟದ ಕೆಳಗೆ ಗೆರೆ ಎಳೆದು 'ಜಗಳ ಇಲ್ಲಿ' ಅಂತ ಬರೆದರೂ ಆಯ್ತು. ನಾವು ಹಾಗೇ ಮಾಡಿದೆವು.

ನಮ್ಮ ಬಣ್ಣ

ಈಗ ಮಾನ ಹೋದ ಕತೆ. ಇದು ಮೊದಲ ಶನಿವಾರದ್ದು. ಮಕ್ಕಳು ಬರೆದದ್ದರಲ್ಲಿ ತಪ್ಪು ಕಂಡಲ್ಲೆಲ್ಲ ನಾವು ಮೂವರೂ ತಿದ್ದುತ್ತ ಹೋದೆವು. 'ಹೇಳತಾಳ' ಇದ್ದದ್ದು 'ಹೇಳುತ್ತಾಳೆ'. 'ಎರಿ ಹೊಲ' ಇದ್ದದ್ದು 'ಕಪ್ಪು ಮಣ್ಣಿನ ಭೂಮಿ'. 'ಹಿಂಗಾರಿ' ಇದ್ದದ್ದು 'ಹಿಂಗಾರು ಹಂಗಾಮು'. ಒಳ್ಳೆ ಕೆಲಸ ಮಾಡಿದೆವು ಅಂತಲೇ ನಮ್ಮ ಭಾವನೆ. ತರಗತಿ ಮುಗಿದ ಮೇಲೆ ಅಕ್ಕೋರು ಗೋಡೆಯ ಮೇಲಿನ ಪರದೆ ನೋಡುತ್ತ ನಿಂತರು. ನಮ್ಮ ಮೂವರ ಬಣ್ಣ ನೀಲಿ, ಹಸಿರು, ನೇರಳೆ. ಪುಟದ ತುಂಬ ಅವೇ. ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಚೂರು, ಕೆಂಪು ಚೂರು.

"ಇದರಾಗ ನಮ್ಮ ಹುಡುಗರು ಎಲ್ಲಿ ಅದಾರ್ರಪಾ?" ಅಂದರು. ಬೈದದ್ದಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಅವತ್ತು ಬಸ್ಸಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. 'ಎರಿ ಹೊಲ' ಅನ್ನುವ ಎರಡು ಪದದಲ್ಲಿ ಆ ಮಣ್ಣು ಬಿರುಕು ಬಿಡುವುದು, ಮಳೆಯಾದರೆ ಕಾಲಿಗೆ ಅಂಟಿ ಚಪ್ಪಲಿ ಕೀಳುವುದು ಎಲ್ಲ ಇತ್ತು. ನಾವು ಅದನ್ನು ಭೂಗೋಳದ ಪುಸ್ತಕ ಮಾಡಿ ಇಟ್ಟಿದ್ದೆವು. ಕನ್ನಡ ಸಂಘದವರೇ ಹೀಗೆ ಮಾಡಿದರೆ ಹೇಗೆ? ಮುಂದಿನ ವಾರದಿಂದ ಒಂದು ನಿಯಮ ಮಾಡಿಕೊಂಡೆವು. ದೊಡ್ಡವರು ಅಳಿಸುವ ಹಾಗಿಲ್ಲ. ಕೇಳಬಹುದು, ಪಕ್ಕದ ಚಾಟ್ ಪೆಟ್ಟಿಗೆಯಲ್ಲಿ ಬರೆಯಬಹುದು, ಕೈ ಮಾತ್ರ ಹಚ್ಚುವ ಹಾಗಿಲ್ಲ. ಅಳಿಸಿದ್ದೆಲ್ಲ ಟೈಮ್‌ಸ್ಲೈಡರ್‌ನಲ್ಲಿ ಇತ್ತಲ್ಲ, ಮಕ್ಕಳೇ ಹಿಂದಕ್ಕೆ ಹೋಗಿ ತಮ್ಮ ಸಾಲುಗಳನ್ನು ಎತ್ತಿಕೊಂಡು ಬಂದರು.

ಬಣ್ಣದ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಒಂದು ಕಂಪ್ಯೂಟರ್ ಮುಂದೆ ಐದು ಮಕ್ಕಳು. ಕೀಲಿಮಣೆ ಯಾರ ಕೈಲಿದೆಯೋ ಅವರೇ ಬರೆದಂತೆ. ಕಡಲಿ ಗುಂಪಿನಲ್ಲಿ ಒಬ್ಬ ಹುಡುಗಿಯ ಮನೆಯಲ್ಲಿ ಜಮಖಾನ ನೇಯುತ್ತಾರೆ. ನವಲಗುಂದದ ಜಮಖಾನ ನಿಮಗೆ ಗೊತ್ತೇ ಇದೆ. ಹತ್ತಿಯದು, ನವಿಲಿನ ಚಿತ್ತಾರದ್ದು, ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು, ಹೆಣ್ಣುಮಕ್ಕಳೇ ನೇಯುವಂಥದ್ದು. ಆಕೆ ಹೇಳುತ್ತ ಹೋದಳು, ಹುಡುಗನೊಬ್ಬ ಟೈಪ್ ಮಾಡುತ್ತ ಹೋದ. ಆಕೆ "ಮಗ್ಗ ನಿಂತಿರತೈತಿ" ಅಂದಳು. ಅಂದರೆ ನೆಲಕ್ಕೆ ಅಡ್ಡವಾಗಿ ಹಾಸಿದ್ದಲ್ಲ, ಗೋಡೆಯಂತೆ ನೆಟ್ಟಗೆ ಇರುವಂಥದ್ದು. ಹುಡುಗ 'ಮಗ್ಗ ನಿಂತಿದೆ' ಅಂತ ಬರೆದ. ಓದಿದವರಿಗೆ ಕೆಲಸ ಬಂದ್ ಆಗಿದೆ ಅನ್ನಿಸುವ ಹಾಗೆ! ಕೀಲಿಮಣೆ ಆಕೆಯ ಕೈಗೆ ಬಂದ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಇಪ್ಪತ್ತು ನಿಮಿಷದಲ್ಲಿ ಮೂರು ಸಾಲು ಬರೆದಳು. ಆ ಪುಟದಲ್ಲಿ ಅಷ್ಟು ಖಚಿತವಾದ ಬೇರೆ ಮೂರು ಸಾಲಿಲ್ಲ. ಅಕ್ಷರ ಎಣಿಸಿ ಅಂಕ ಕೊಡುವವರು ಇದ್ದಿದ್ದರೆ ಆಕೆಗೆ ಕಡಿಮೆ ಬೀಳುತ್ತಿತ್ತು. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಕೀಲಿಮಣೆ ಕೈ ಬದಲಿಸಿ. ಹೇಳಿ ಬರೆಸಿದ ಸಾಲಿನ ಮುಂದೆ ಹೇಳಿದವರ ಗುರುತು ಹಾಕಿಸಿ.

ನಮ್ಮ ಕಾಲೇಜಿನ ರಿಪೋರ್ಟುಗಳಿಗೂ ಇದೇ ಮಾತು. ಹಿಸ್ಟರಿ ತೆರೆದು ನೋಡಿದರೆ ರಾತ್ರಿ ಹನ್ನೊಂದೂವರೆಗೆ ಒಂದೇ ಪೇಸ್ಟ್‌ನಲ್ಲಿ ಬಂದ ಇಪ್ಪತ್ತು ಪುಟ ಎದ್ದು ಕಾಣುತ್ತದೆ. ಆದರೆ ಲ್ಯಾಬಿನಲ್ಲಿ ವಾರಗಟ್ಟಲೆ ಸರ್ಕ್ಯೂಟ್ ತಿದ್ದಿ, ಬರೆಯಲು ಮಾತ್ರ ಕೂರದವನು ಕಾಣುವುದಿಲ್ಲ.

ನುಡಿಯ ಕಡತ

ಅಕ್ಕೋರ ಬಳಿ ಊರಿನ ಬಗ್ಗೆ ಮೊದಲೇ ಟೈಪ್ ಮಾಡಿದ ಹತ್ತು ಪುಟ ಇತ್ತು. ಅದನ್ನು ಪುಟಕ್ಕೆ ಅಂಟಿಸಿದರೆ ಬಂದದ್ದು ಯಾವುದೋ ಯುರೋಪಿನ ಭಾಷೆಯಂತೆ ಕಾಣುವ ಕಲಸುಮೇಲೋಗರ. ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಕಡತ ಅದು. ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂಡಿಸುತ್ತವೆ. ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಪ್ರಶ್ನೆಪತ್ರಿಕೆ, ಹಾಜರಿ, ವರದಿ ಅಂತ ಶಾಲೆಗಳಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸ ಹೀಗೆ ಕೂತಿದೆ. ಪರಿವರ್ತಕಗಳಿವೆ, ಬಳಸಿ. ಆದರೆ ಪರಿವರ್ತಿಸಿದ ಮೇಲೆ ಒಮ್ಮೆ ಪರೀಕ್ಷಿಸಿ. 'ನೀರು' ಎಂಬಲ್ಲಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಇಡಬಹುದು. ನೋಡಲು ಎರಡೂ ಒಂದೇ. ಆದರೆ ಹುಡುಕಿದರೆ ಸಿಗದೆ ಇರಬಹುದು, ಹೋಲಿಸಿ ನೋಡಿದರೆ ಬದಲಾವಣೆ ಆಗಿದೆ ಅನ್ನಬಹುದು. ಯೂನಿಕೋಡ್ ನಾರ್ಮಲೈಸೇಶನ್ ಇರುವುದೇ ಇದಕ್ಕೆ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಇಂಥ ಕಡೆ ನಾವು ಎಂಜಿನಿಯರಿಂಗ್ ಹುಡುಗರು ನಿಜಕ್ಕೂ ಉಪಯೋಗಕ್ಕೆ ಬರುತ್ತೇವೆ. ವ್ಯಾಕರಣ ತಿದ್ದುವುದಕ್ಕಿಂತ ಹೆಚ್ಚು.

ಪುಟ ಎಲ್ಲಿಗೆ ಹೋಗಬೇಕು

ನಾಲ್ಕನೇ ಶನಿವಾರ ಮಕ್ಕಳು ಕೇಳಿದರು, "ಇದನ್ನ ವಿಕಿಪೀಡಿಯಾಕ್ಕ ಹಾಕೂಣ?" ಕಾಲೇಜುಗಳಲ್ಲಿ ಇದು ನಡೆದಿದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಕನ್ನಡ ವಿದ್ಯಾರ್ಥಿಗಳು 2013ರ ಹೊತ್ತಿನಿಂದ ಪಾಠದ ಭಾಗವಾಗಿಯೇ ವಿಕಿಯಲ್ಲಿ ಬರೆದಿದ್ದಾರೆ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನಲ್ಲೂ ವಿದ್ಯಾರ್ಥಿಗಳ ವಿಕಿ ಬಳಗ ಇದೆ. ಆದರೆ ವಿಕಿಪೀಡಿಯದ್ದು ಒಂದು ಕಟ್ಟುನಿಟ್ಟು. ಪ್ರತಿ ಮಾತಿಗೂ ಅಚ್ಚಾದ ಆಧಾರ ಬೇಕು. ನಮ್ಮ ಪುಟದಲ್ಲಿ 1980ರ ಜುಲೈ 21ರ ನವಲಗುಂದ ರೈತ ಬಂಡಾಯದ ಬಗ್ಗೆ ಒಂದು ಭಾಗವಿತ್ತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ಹೋರಾಟ, ಗೋಲಿಬಾರ್, ಇವಕ್ಕೆ ಅಚ್ಚಾದ ಆಧಾರ ಬೇಕಾದಷ್ಟಿದೆ. ಆದರೆ ಗೋದಿ ಗುಂಪಿನ ಹುಡುಗ ಬರೆದದ್ದು ಅವತ್ತು ಪ್ಯಾಟಿಗೆ ಹೋಗಿದ್ದ ಅಜ್ಜ ಮನೆಗೆ ಯಾವ ದಾರಿ ಹಿಡಿದು, ಎಷ್ಟೊತ್ತಿಗೆ ಬಂದ ಅಂತ. ಅದಕ್ಕೆ ಆಧಾರ ಅಜ್ಜ ಒಬ್ಬನೇ. ವಿಕಿಪೀಡಿಯದಲ್ಲಿ ಅದು ನಿಲ್ಲುವುದಿಲ್ಲ. ಜಮಖಾನದ ಮೂರು ಸಾಲೂ ನಿಲ್ಲುವುದು ಕಷ್ಟ.

ಹಾಗಂತ ವಿಕಿಪೀಡಿಯದ ನಿಯಮ ತಪ್ಪು ಅನ್ನಲಾರೆವು. ಆ ನಿಯಮ ಇಲ್ಲದಿದ್ದರೆ ವಾಟ್ಸಾಪ್ ಇತಿಹಾಸವೆಲ್ಲ ಅಲ್ಲಿರುತ್ತಿತ್ತು. ಒಂದು ಪುಟ ಎರಡು ಪುಟ ಆಗಬೇಕಾಯಿತು, ಅಷ್ಟೇ. ಆಧಾರ ಸಿಗುವಂಥದ್ದು ವಿಕಿಪೀಡಿಯಕ್ಕೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿ, ಪಂಪನ ತಾಯಿಯ ಮನೆತನಕ್ಕೂ ಆ ಊರಿಗೂ ಇರುವ ನಂಟನ್ನು ಹೇಳುವ ಕುರ್ಕ್ಯಾಲ ಶಾಸನ, ಇಂಥವು ಅಲ್ಲಿಗೆ ಸರಿ. ಅಜ್ಜ, ಎರಿ ಹೊಲ, ನಿಂತ ಮಗ್ಗ ಇವೆಲ್ಲ ಶಾಲೆಯದೇ ಪುಟದಲ್ಲಿ ಇರಲಿ ಎಂದಾಯಿತು. ಅಕ್ಕೋರು ಹಿಂದೆ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗೆ ಹೋಗಿ ಬಂದವರು. ಶಿಕ್ಷಣ ಇಲಾಖೆಯ ಜತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ಕೆಲಸ ಅದು. ಅದರಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣ ಬೆಳೆಯಿತು. ವಿಕಿಪೀಡಿಯ ಓಡುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಅದೂ ಓಡುತ್ತದೆ, ಸರಕಾರಿ ಶಾಲೆಯ ಶಿಕ್ಷಕರೇ ಪಾಠ ಸಾಮಗ್ರಿ ಬರೆಯುತ್ತಾರೆ. ಎಂಜಿನಿಯರಿಂಗ್ ಕಾಲೇಜಿನವರು ಬಂದು ಹೇಳುವ ಮೊದಲೇ ಹಳ್ಳಿ ಶಾಲೆಯ ಶಿಕ್ಷಕರು ವಿಕಿ ತಿದ್ದುತ್ತಿದ್ದರು ಅನ್ನೋದು ನಮಗೆ ಅಲ್ಲಿ ಹೋದ ಮೇಲೆ ಗೊತ್ತಾಯಿತು. ವಿಕಿಯಲ್ಲಿ ಇಬ್ಬರು ಒಂದೇ ಪ್ಯಾರಾ ತಿದ್ದಿ ಉಳಿಸಿದರೆ ಎರಡನೆಯವರಿಗೆ 'ಸಂಪಾದನೆ ಸಂಘರ್ಷ' ಎಂದು ತಡೆದು, ಎರಡೂ ಆವೃತ್ತಿ ತೋರಿಸುತ್ತದೆ. ಈಥರ್‌ಪ್ಯಾಡಿನಂತೆ ಗಪ್‌ಚುಪ್ ಹೊಂದಿಸಿಬಿಡುವುದಿಲ್ಲ. ಪಾಠಕ್ಕೆ ನಿಂತು ನೋಡುವ ಈ ತಡೆಯೇ ಚಲೋ ಅನ್ನೋದು ಅಕ್ಕೋರ ಅಭಿಪ್ರಾಯ. ನಾವು ಮೂವರಲ್ಲಿ ಇಬ್ಬರು ಅವರ ಕಡೆ, ಒಬ್ಬರು ಇನ್ನೂ ಈಥರ್‌ಪ್ಯಾಡಿನ ಕಡೆ.

ಮುಂದಿನ ಸರದಿ ಕುಂದಗೋಳದ ಒಂದು ಶಾಲೆಯದು. ಅಲ್ಲಿಯ ಮಕ್ಕಳು ಸವಾಯಿ ಗಂಧರ್ವರ ಬಗ್ಗೆ, ನಾಡಿಗೇರ ವಾಡೆಯ ಸಂಗೀತ ಉತ್ಸವದ ಬಗ್ಗೆ ಬರೆಯಬೇಕು ಅಂದಿದ್ದಾರೆ. ಗಂಗೂಬಾಯಿ ಹಾನಗಲ್ ಅವರು ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದದ್ದು ಇದೇ ಊರಿಗೆ. ಕಲಘಟಗಿಯಿಂದಲೂ ಕರೆ ಬಂದಿದೆ, ಅಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಮನೆ ಮಕ್ಕಳಿದ್ದಾರಂತೆ. ಬರುವವರು ಸಂಘದ ಕೋಣೆಯಲ್ಲಿ ಹೆಸರು ಬರೆಸಿ. ಶನಿವಾರ ಬೆಳಗಿನ ಶಾಲೆ, ಏಳು ಗಂಟೆಗೇ ಬಸ್ಸು ಹಿಡಿಯಬೇಕು. ಲ್ಯಾಪ್‌ಟಾಪ್ ಮತ್ತು ರೂಟರ್ ಕಪಾಟಿನಲ್ಲಿವೆ. ಎಕ್ಸ್‌ಟೆನ್ಶನ್ ಬೋರ್ಡ್ ನೀವೇ ತರಬೇಕು, ನಮ್ಮದು ಸುಟ್ಟಿದೆ.